ನಿದ್ದೆಯಲ್ಲೂ ಪಾಸಾಗಬೇಕಾದವರು

ಆರೈಕೆಶಾಲೆ, ವಿಜಯಪುರ
ಹದಿಮೂರನೇ ತಿಂಗಳ ನಲವತ್ತನೇ ದಿನ, ೨೩೧೮

ನರ್ಸಿಂಗ್, ಡಾಕ್ಟರಿಕೆ ಓದುತ್ತಿರುವ ಹಿಂದಿನ ಕಾಲದ ಮಕ್ಕಳೇ,

ನಮ್ಮ ತಾರೀಖೂ ಮಾತೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಶಾಂಭವಿ ಹೊಸಪೇಟಿ, ದಾದಿಯರಾಗುವವರಿಗೆ ಪಾಠ ಹೇಳುವವಳು. ನಿಮ್ಮ ಕಾಲದ ಸಂಗತಿ ಮೊದಲ ಸಲ ಓದಿದ ದಿನ ನನಗೆ ಊಟವೇ ಸೇರಲಿಲ್ಲ. ರೋಗಿಗೆ ಚೆನ್ನಾಗಿ ಮಲಗಿ ಎಂದು ಹೇಳಲು ಕಲಿಯುವ ಮಕ್ಕಳೇ ಪರೀಕ್ಷೆ, ವಾರ್ಡ್ ಡ್ಯೂಟಿ ಎಂದು ನಿದ್ದೆಗೆಡುತ್ತಿದ್ದರಂತೆ! ಕಣ್ಣು ಕೆಂಪಾದಷ್ಟೂ ಶ್ರದ್ಧಾವಂತರೆಂದು ಬೆನ್ನು ತಟ್ಟಿಸಿಕೊಳ್ಳುತ್ತಿದ್ದರಂತೆ! ಅಂಥ ಕೈಗೆ ಸೂಜಿ ಕೊಟ್ಟ ಹಿರಿಯರ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಎಂದು ತರಗತಿಯಲ್ಲೇ ಕೂಗಾಡಿದೆ.

ನಮ್ಮಲ್ಲಿ ಹಾಗಿಲ್ಲ. ಪ್ರತಿಯೊಬ್ಬರ ಕೊರಳ ಕೆಳಗೆ ನಿದ್ದೆಬಿಲ್ಲೆ ಅಂಟಿಸಿರುತ್ತೇವೆ. ಗುಂಡಿಯಷ್ಟು ಪುಟ್ಟ ಯಂತ್ರ, ಉಸಿರಾಟ ನೋಡಿ ನಿದ್ದೆಯನ್ನು ಅಳೆಯುತ್ತದೆ. ಬೆಳಿಗ್ಗೆ ಅದು ಹಸಿರಾಗಿದ್ದರೆ ಮಾತ್ರ ವಾರ್ಡಿನ ಬಾಗಿಲು ತೆರೆಯುತ್ತದೆ. ಕೆಂಪಾದರೆ ಮನೆಗೆ, ಮತ್ತೆ ಮತ್ತೆ ಕೆಂಪಾದರೆ ವರ್ಷವೇ ನಾಪಾಸು. ರೋಗಿಗಳೂ ಬಿಲ್ಲೆ ನೋಡಿಯೇ ತೋಳು ಚಾಚುತ್ತಾರೆ. ಹಾಸ್ಟೆಲಿನಲ್ಲಿ ರೊಟ್ಟಿ ಮುರಿಯುತ್ತ ಹುಡುಗಿಯರು ಯಾರ ಹಸಿರು ಹೆಚ್ಚು ಗಾಢ ಎಂದು ಪೈಪೋಟಿಗೆ ಬೀಳುವುದನ್ನು ಕಂಡು ನಾನು ಹಿಗ್ಗುತ್ತಿದ್ದೆ.

ಹೋದ ವಾರ ನನ್ನ ವಿದ್ಯಾರ್ಥಿನಿ ನೀಲಾಂಬಿಕಾ ವಾರ್ಡಿನಲ್ಲೇ ಕುಸಿದು ಬಿದ್ದಳು. ಬಿಲ್ಲೆ ಅಚ್ಚ ಹಸಿರು! ಮಲಗಿದ ರೋಗಿಗಳನ್ನು ನೋಡಿ ನೋಡಿ ಆ ಹುಡುಗಿ ನಿದ್ದೆಯ ಉಸಿರನ್ನು ಕಲಿತಿದ್ದಳು. ಹಾಗೇ ಉಸಿರಾಡುತ್ತ, ಕಣ್ಣು ಮುಚ್ಚಿಕೊಂಡು, ಬೆಳಗಾಗುವವರೆಗೆ ಎಚ್ಚರವಿರುತ್ತಿದ್ದಳು. ಯಾಕವ್ವಾ ಹೀಗೆ ಮಾಡಿದೆ ಎಂದು ಕೇಳಿದೆ.

“ಬಿಲ್ಲಿ ಕೆಂಪಾದ್ರ ಮನಿಗಿ ಕಳಸ್ತೀರಲ್ರಿ ಅಕ್ಕೋರ, ಆ ಅಂಜಿಕಿಗೇ ನಿದ್ದಿ ಬರವಲ್ದು. ಜೀವಾನ ಬ್ಯಾಡಾಗೇತ್ರಿ.”

ತರಗತಿಗೆ ಹೋಗಿ ಇನ್ನು ಯಾರು ಯಾರು ಹೀಗೆ ಮಾಡುತ್ತೀರಿ ಎಂದು ಕೇಳಿದೆ. ಒಬ್ಬೊಬ್ಬರಾಗಿ ಎಲ್ಲರೂ ಅಂಗೈಯಿಂದ ತಮ್ಮ ಬಿಲ್ಲೆ ಮುಚ್ಚಿಕೊಂಡರು.

ನೀಲಾಂಬಿಕಾ ಈಗ ನಮ್ಮ ಮನೆಯಲ್ಲಿದ್ದಾಳೆ. ಬಿಲ್ಲೆ ತೆಗೆದುಹಾಕಿದ್ದೇನೆ. ಮೋಸ ಮಾಡಿದಳೆಂದು ಅವಳನ್ನು ಶಾಲೆಯಿಂದ ತೆಗೆಯಲು ನಾಳೆ ಆಡಳಿತ ಮಂಡಳಿ ಸೇರುತ್ತದೆ. ಉಳಿಯಬೇಕಾದರೆ ಉಸಿರನ್ನಲ್ಲ, ಮೆದುಳನ್ನೇ ಓದುವ ಹೊಸ ಬಿಲ್ಲೆಗೆ ಅವಳು ಒಪ್ಪಬೇಕಂತೆ. ಇವರಿಗೆ ಏನು ಹೇಳುವುದು! ಅವಳ ಪರವಾಗಿ ನಾನು ಜಗಳಕ್ಕೇ ಹೊರಟಿದ್ದೇನೆ, ಗೆಲ್ಲುತ್ತೇನೆಂಬ ಧೈರ್ಯವಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಮುಂದೊಂದು ದಿನ ಇಂಥ ಬಿಲ್ಲೆ ಮಾಡುವ ಉಪಾಯ ಹೊಳೆದರೆ, ಕೈಮುಗಿಯುತ್ತೇನೆ, ಮೊದಲು ನಿದ್ದೆಗೆಟ್ಟ ಮಗುವಿನ ಪಕ್ಕ ಕೂತು ಏನಾಗಿದೆ ಎಂದು ಕೇಳಿ. ನಾನು ಕೇಳುವ ಹೊತ್ತಿಗೆ ಅವಳು ನೆಲದ ಮೇಲೆ ಬಿದ್ದಿದ್ದಳು.

ಶಾಂಭವಿ