ಬಿಟ್ಟುಹೋಗಲು ಮೊದಲು ಕಲಿಸುವ ಊರಿನಿಂದ

ಫೆಬ್ರುವರಿ ಮೂವತ್ತು, ೨೨೪೧

ಪೂಜ್ಯ ನೀಲಗಂಗಮ್ಮಜ್ಜಿಯವರಿಗೆ, ಎಷ್ಟೋ ತಲೆಮಾರು ಆಚೆಯ ಮೊಮ್ಮಗಳು ನೇಸರಿಯ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರುವರಿಗೆ ದಿನ ಕಡಿಮೆ ಕೊಟ್ಟಿದ್ದು ಅನ್ಯಾಯವೆಂದು ಯಾರೋ ದೂರು ಕೊಟ್ಟರು, ಸರ್ಕಾರ ಒಪ್ಪಿಕೊಂಡಿತು. ನಮ್ಮ ಕಾಲದಲ್ಲಿ ದೂರಿಗೆ ಅಷ್ಟು ಮರ್ಯಾದೆ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನವರಿಗೆ ಪತ್ರ ಒಯ್ಯುವ ನಮ್ಮ ಕಾಲಾಂಚೆ ಬಲು ಕಟ್ಟುನಿಟ್ಟು. ಪತ್ರ ಪಡೆದವರು ಮುಂದೇನು ಮಾಡುತ್ತಾರೆಂದು ಬರೆಯುವಂತಿಲ್ಲ, ನಾವು ಹೇಗೆ ಬದುಕುತ್ತಿದ್ದೇವೆಂದು ಬರೆಯಬಹುದು.

ನಿಮ್ಮ ಸಂಕಟ ಬಲ್ಲೆ. ಖಾನಾವಳಿಯ ಕೆಲಸ ಮುಗಿಸಿ ಕಾಲು ಚಾಚಿದಾಗ ಮೊಬೈಲಿನಲ್ಲಿ ದಿನಭವಿಷ್ಯದ ಆ್ಯಪ್ ಒತ್ತಿದಿರಿ. ಮೊದಲ ವಾರ ಉಚಿತವೆಂದಿತ್ತು. ಆಮೇಲೆ ಚಂದಾ ತಾನೇ ಕಡಿತವಾಗತೊಡಗಿತು. ರದ್ದು ಮಾಡುವ ಗುಂಡಿ ಹುಡುಕಿ ಹುಡುಕಿ ಸಾಕಾಯಿತು. ಖಾತೆ ಬರಿದಾದಾಗ ವಸೂಲಿಯವರು ಬೆನ್ನು ಹತ್ತಿದರು. ಮಗಳು ಕಸ್ತೂರಿಯನ್ನು ನೋಡಿಹೋದ ಹುಲಕೋಟಿಯ ಮನೆಗೂ ಫೋನ್ ಮಾಡಿ ನಿಮ್ಮನ್ನು ಮೋಸಗಾತಿ ಎಂದರು. ನೀವು ಗ್ರಾಹಕರ ಪ್ರಾಧಿಕಾರಕ್ಕೆ ದೂರು ಕೊಟ್ಟಿರಿ. ದೂರು ಹಿಂತೆಗೆದರೆ ಕರೆ ನಿಲ್ಲಿಸುವುದಾಗಿ ಕಂಪನಿಯವರು ಈಗ ಪುಸಲಾಯಿಸುತ್ತಿದ್ದಾರೆ. ನಾಳೆ ವಿಚಾರಣೆ, ಸಂಬಂಧ ಮುರಿದೀತೆಂದು ನಿಮಗೆ ಅಂಜಿಕೆ. ದುಡ್ಡು ಕೊಟ್ಟು ಕೊಂಡ ಭವಿಷ್ಯದಲ್ಲಿ ಇದೊಂದೂ ಇರಲಿಲ್ಲ ನೋಡಿ; ನಾನು ಪುಕ್ಕಟೆ ಕಳಿಸುತ್ತಿದ್ದೇನೆ.

ನಮ್ಮಲ್ಲಿ ಬಾಗಿಲಪಾಠವೆಂಬುದೊಂದಿದೆ. ಯಾರು ಏನೇ ಮಾರಲಿ, ಬಿಟ್ಟುಹೋಗುವುದು ಹೇಗೆಂದು ಮೊದಲು ಕಲಿಸಬೇಕು. ಗಿರಾಕಿ ಒಮ್ಮೆ ಬಿಟ್ಟು ತೋರಿಸಿದ ಮೇಲೆಯೇ ಸೇರಿಸಿಕೊಳ್ಳಬೇಕು. ಸಂಗೀತ ಶಾಲೆಯ ಮಕ್ಕಳು ಸರಿಗಮಕ್ಕಿಂತ ಮೊದಲು ಗುರುಗಳಿಗೆ ಕೈಮುಗಿದು ಎದ್ದುಹೋಗುವುದನ್ನು ಕಲಿಯುತ್ತವೆ. ಹಾಲು ಮಾರುವ ನನ್ನ ಸೋದರಮಾವ ಈ ಪಾಠವನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ, ಮೊದಲ ದಿನ ಬಂದವರೆಲ್ಲ ಬಿಟ್ಟು ತೋರಿಸಿ ಹಾಗೆಯೇ ಮನೆಗೆ ಹೋದರು, ಸೇರುವುದನ್ನೇ ಮರೆತರು. ಅತ್ತೆ ಇಂದಿಗೂ ಅವನನ್ನು ಆಡಿಕೊಳ್ಳುತ್ತಾಳೆ. ಮದುವೆಯಲ್ಲೂ ಗೆಳತಿಯರು ಮದುಮಗನಿಗೆ ಬಾಗಿಲಪಾಠ ಹೇಳಿ ಕಾಡುತ್ತಾರೆ. ಅವನು ಹೊಸಿಲು ದಾಟಿ, ನಾಚಿಕೊಂಡು ವಾಪಸು ಬರುತ್ತಾನೆ. ವಸೂಲಿಯವರು ಈಗಲೂ ಇದ್ದಾರೆ. ಆದರೆ ಬಾಕಿಯ ಸುದ್ದಿಯನ್ನು ಬೇರೆಯವರ ಕಿವಿಗೆ ಹಾಕಿದರೆ ಅವರ ಲೈಸೆನ್ಸು ಹೋಗುತ್ತದೆ. ಮೊನ್ನೆ ನಮ್ಮನೆಗೆ ಬಂದವನು ಕ್ಷೇಮ ಕೇಳಿ, ರೊಟ್ಟಿ ತಿಂದು, "ಕೈಗೆ ಬಂದಾಗ ಕೊಡ್ರಿ ಅಕ್ಕಾರ" ಎಂದು ಎದ್ದ.

ಇದೆಲ್ಲ ಹೇಗೆ ಶುರುವಾಯಿತೆಂದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಖಾನಾವಳಿಯ ಒಬ್ಬ ತಾಯಿ ವಿಚಾರಣೆಯಲ್ಲಿ ಎದ್ದುನಿಂತು, "ನಮ್ಮಲ್ಲಿ ಉಂಡವರು ಹೋಗಾಕ ಬಾಗಿಲಾ ತೆರದ ಇರತೈತ್ರಿ. ನಿಮ್ಮದ್ಯಾಕ ಮುಚ್ಚೈತಿ?" ಎಂದು ಕೇಳಿದರಂತೆ. ಅಧಿಕಾರಿಗಳು ಆ ಪ್ರಶ್ನೆಯನ್ನೇ ಆದೇಶದ ಮೊದಲ ಸಾಲಾಗಿ ಬರೆಸಿದರಂತೆ. ಆ ತಾಯಿಯ ಹೆಸರು ಬರೆದರೆ ಅಂಚೆಯವರು ಮಸಿ ಬಳಿಯುತ್ತಾರೆ, ಬರೆಯುವುದಿಲ್ಲ. ಅವರನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬಿಬರುತ್ತದೆ.

ನಾಳೆ ತಲೆ ತಗ್ಗಿಸಬೇಡಿ, ಅಜ್ಜಿ. ಒಳ್ಳೆಯ ಸೀರೆ ಉಟ್ಟು ಹೋಗಿ. ಹುಲಕೋಟಿಯವರು ಏನೆನ್ನುತ್ತಾರೆಂದು ನಾನು ಹೇಳುವಂತಿಲ್ಲ. ಆದರೆ ಕಳಿಸುವವರು ತಾವು ಕುಳಿತ ಜಾಗವನ್ನು ಬರೆಯಲೇಬೇಕೆಂದು ಕಾಲಾಂಚೆಯ ನಿಯಮವಿದೆ. ಈ ಪತ್ರವನ್ನು ನಾನು ಹುಲಕೋಟಿಯಲ್ಲಿ, ಕಸ್ತೂರಿ ಸೊಸೆಯಾಗಿ ಕಾಲಿಟ್ಟ ಮನೆಯ ಪಡಸಾಲೆಯಲ್ಲಿ ಕುಳಿತು ಬರೆದಿದ್ದೇನೆ.

ನಿಮ್ಮ ನೇಸರಿ