ಮಾಳವ್ವ ಹೆಬ್ಬೆಟ್ಟೊತ್ತಲಿಲ್ಲ

ಹಾಲಗುಂಡಿ ಬಯಲು,
ಫೆಬ್ರವರಿ ಮೂವತ್ತು, 2168

ನಮಗಿಂತ ಮೊದಲು ಬದುಕಿದವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರವರಿಯಲ್ಲಿ ಈ ದಿನ ಇರಲಿಲ್ಲವೆಂದು ಬಲ್ಲೆ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದಾಗ ಅದಕ್ಕೂ ಪಾಲು ಸಿಕ್ಕಿತು. ನನ್ನ ಕನ್ನಡದಲ್ಲಿ ನೀವು ಕೇಳದ ಕೆಲವು ಮಾತು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ನೀವಾಡುತ್ತಿದ್ದ ಎಷ್ಟೋ ಮಾತು ನಮಗೂ ಅರ್ಥವಾಗುವುದಿಲ್ಲ. ಲೆಕ್ಕ ಸರಿಹೋಯಿತು.

ನನ್ನ ಹೆಸರು ಹೇಮವ್ವ. ಕುರಿಗಾರರ ಮಕ್ಕಳಿಗೆ ಪಾಠ ಹೇಳುವವಳು, ಅವರ ಬಾಯಲ್ಲಿ ಅಕ್ಕೋರು. ನಮ್ಮದು ನಡೆಯುವ ಶಾಲೆ: ಮಂದೆ ಹೋದಲ್ಲಿಗೆ ನಾವೂ ಹೋಗುತ್ತೇವೆ. ಯಾರದೋ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದಾಗ ಪಕ್ಕದಲ್ಲಿ ಕೋಲು ನೆಟ್ಟು ಕಂಬಳಿ ಕಟ್ಟಿದರೆ ತರಗತಿ ಸಿದ್ಧ. ಬಿಸಿಲುಬಟ್ಟೆ ಎಂಬುದೊಂದು ನಮ್ಮಲ್ಲಿದೆ, ಬಿಸಿಲು ಕುಡಿದು ಕರೆಂಟು ಕೊಡುವ ಬಟ್ಟೆ. ಅದನ್ನು ದೊಡ್ಡ ಟಗರಿನ ಬೆನ್ನಿಗೆ ಬಿಗಿದು ಮೇಯಲು ಬಿಡುತ್ತೇವೆ. ಮಧ್ಯಾಹ್ನಕ್ಕೆ ಟಗರಿನ ಹೊಟ್ಟೆಯೂ ತುಂಬಿರುತ್ತದೆ, ಬ್ಯಾಟರಿಯೂ ತುಂಬಿರುತ್ತದೆ. ಮಕ್ಕಳು ತಿನ್ನುವುದು ಜೋಳದ ರೊಟ್ಟಿ, ಪುಂಡಿಪಲ್ಯ. ಅದೊಂದು ನಿಮ್ಮ ಕಾಲದಂತೆಯೇ ಉಳಿದಿದೆ.

ಇನ್ನು ಸಿದ್ಧಗತೆಯ ವಿಚಾರ. ಇಲ್ಲಿ ಪ್ರತಿ ಮಗುವಿನ ಕೈಯಲ್ಲೂ ಒಂದು ಅಂಗೈಗನ್ನಡಿ ಇರುತ್ತದೆ; ನೀವು ಮೊಬೈಲು ಎನ್ನುತ್ತಿದ್ದಿರಲ್ಲ, ಅದರ ಮರಿಮಗಳು. ನಗರದ ಕಥಾಪಾಲನಾ ಕಚೇರಿಯಿಂದ ಅದಕ್ಕೆ ದಿನವೂ ಕಥೆ ಬರುತ್ತದೆ. ನೋಡುವ ಮಗುವಿನದೇ ಹೆಸರು, ಅದರದೇ ಮುಖ. ಮನೆ ಮಾತ್ರ ಬೇರೆಯವರದು, ಊಟ ಬೇರೆಯವರದು, ಆಡುವ ಮಾತು ಪುಸ್ತಕದ್ದು. ಅದೇ ಸಿದ್ಧಗತೆ, ಸಿದ್ಧಮಾಡಿ ಕಳಿಸಿದ ಕತೆ. ಮಗು ತನ್ನ ಮುಖವನ್ನು ತಾನೇ ನೋಡುತ್ತ ಬಾಯಿ ತೆರೆದು ಕೂತಿರುತ್ತದೆ. ಕನ್ನಡಿಯಿಂದ ಕಚೇರಿಗೆ ಏನನ್ನೂ ಕಳಿಸುವ ಹಾಗಿಲ್ಲ. ಬರುವುದುಂಟು, ಹೋಗುವುದಿಲ್ಲ.

ನಾನು ಈ ಹಟ್ಟಿಗೆ ಬಂದಾಗ ಚೀಲದಲ್ಲಿ ನಿಮ್ಮ ಕಾಲದ ಹಳೆಯ ಫೋನುಗಳಿದ್ದವು, ಹೊಸ ಬ್ಯಾಟರಿ ಹಾಕಿಸಿದವು. ಕಥೆ ಹೇಳಲು ಕಲಿಸುವ ಪ್ರಯೋಗವೆಂದು ಕಚೇರಿಯೇ ಅಪ್ಪಣೆ ಕೊಟ್ಟಿತ್ತು. ಮಕ್ಕಳು ತೆಗೆದ ಚಿತ್ರ ಹಟ್ಟಿಯಿಂದ ಹೊರಗೆ ಹೋಗುವ ಮೊದಲು ಕಚೇರಿಯವರಿಗೆ ತೋರಿಸಬೇಕು, ಅದೊಂದೇ ಕರಾರು. ಮಾಳವ್ವ ಎಂಬ ಹುಡುಗಿ ಒಂದು ಫೋನು ತಗೊಂಡು ಹಿಂದೆ ಮುಂದೆ ತಿರುಗಿಸಿದಳು. ಹನ್ನೆರಡರ ವಯಸ್ಸು, ತಾಯಿಯಿಲ್ಲ, ಅಜ್ಜಿ ಕಲ್ಲವ್ವನ ಜೊತೆ ಮಂದೆ ಕಾಯುವವಳು.

"ಇದು ಏನೂ ತೋರ್ಸಂಗಿಲ್ಲೇನ್ರಿ ಅಕ್ಕೋರ?"

"ಇಲ್ಲ. ಇದಕ್ಕ ನೀನ ತೋರ್ಸಬೇಕು."

"ನಾ ಏನ್ ತೋರ್ಸಲಿ? ಇಲ್ಲಿ ಏನೈತಿ?"

ಆ ಪ್ರಶ್ನೆ ಕೇಳಿ ನನಗೆ ಸಿಟ್ಟು ಬಂತು, ಹುಡುಗಿಯ ಮೇಲಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಿದ್ದಿರಿ ನೀವು. ಅಂಗೈಯಲ್ಲಿ ಕನ್ನಡಿಯಿಟ್ಟುಕೊಂಡೇ ಹುಟ್ಟಿದ ಈ ಮಕ್ಕಳಿಗೆ ಅಂಗೈಯೇ ಕಂಡಿರಲಿಲ್ಲ.

ಕಲಿಸಿದೆ. ಯಾವಾಗ ಹತ್ತಿರ ಹೋಗಬೇಕು, ಯಾವಾಗ ದೂರ ನಿಲ್ಲಬೇಕು, ಎಲ್ಲಿ ಬಾಯಿ ಮುಚ್ಚಿ ಕಾಯಬೇಕು. ಮೊದಮೊದಲು ಎಲ್ಲರೂ ಸಿದ್ಧಗತೆಯನ್ನೇ ತೆಗೆದರು. ಕುರಿಗೆ ಟವೆಲು ಹೊದಿಸಿ ರಾಜಕುಮಾರಿ ಮಾಡಿದರು. ನಗಾಡಿದೆವು. ಆಮೇಲೆ ಒಂದು ಬೆಳಿಗ್ಗೆ ಮಾಳವ್ವನ ಕುರಿ ಈದಿತು. ಮರಿ ಉಸಿರಾಡಲಿಲ್ಲ. ಕಲ್ಲವ್ವ ಅದರ ಮೂಗು ಒರೆಸಿದಳು, ಹಿಂಗಾಲು ಹಿಡಿದು ಬೀಸಿದಳು, ಬಾಯಿಟ್ಟು ಊದಿದಳು. ಆಗಲಿಲ್ಲ. ಆಮೇಲೆ ಸತ್ತ ಮರಿಯ ತೊಗಲು ಸುಲಿದು, ಮಂದೆಯ ಇನ್ನೊಂದು ತಬ್ಬಲಿ ಮರಿಗೆ ಅಂಗಿಯ ಹಾಗೆ ತೊಡಿಸಿದಳು, ವಾಸನೆಗೆ ತಾಯಿಕುರಿ ತನ್ನದೇ ಮರಿಯೆಂದುಕೊಳ್ಳಲೆಂದು. ತಾಯಿಕುರಿ ಆ ಮರಿಯನ್ನು ಮೂಸಿತು, ದೂಡಿತು, ಮತ್ತೆ ಮೂಸಿತು. ಕೊನೆಗೆ ನಿಂತು ಹಾಲು ಕೊಟ್ಟಿತು. ಮಾಳವ್ವ ಇಷ್ಟನ್ನೂ ತೆಗೆದಳು. ಹಟ್ಟಿಯವರೆಲ್ಲ ಚಿತ್ರ ನೋಡಿ ಎದ್ದು ಹೋದರು. ಒಬ್ಬ ಮುದುಕ ಮಾತ್ರ ಅವಳ ತಲೆ ಮುಟ್ಟಿ ಹೋದ.

ಕರಾರಿನಂತೆ ಕಚೇರಿಗೆ ಕಳಿಸಿದೆ. ತಿದ್ದುಪಡಿಯಾಗಿ ಬಂತು. ತಂದವರು ಪ್ರಸನ್ನಕುಮಾರ ಎಂಬ ಕಥಾಪಾಲಕರು, ಮೆತ್ತಗೆ ಮಾತಾಡುವ ಮನುಷ್ಯ. ಕಂಬಳಿಯ ನೆರಳಲ್ಲಿ ಕೂತು ನಮಗೆಲ್ಲ ತೋರಿಸಿದರು. ಚಿತ್ರದಲ್ಲಿ ಮರಿ ಕಣ್ಣು ಬಿಟ್ಟು ಎದ್ದು ನಿಂತಿತು. ತೊಗಲು ಸುಲಿದದ್ದು ಇಲ್ಲ. ತಬ್ಬಲಿ ಮರಿ ಇಲ್ಲವೇ ಇಲ್ಲ. ಹಲ್ಲಿಲ್ಲದ ಕಲ್ಲವ್ವನಿಗೆ ಸಾಲಾಗಿ ಹಲ್ಲು ಬಂದಿದ್ದವು, "ದೇವರು ದೊಡ್ಡವನು, ಮಗಳೇ" ಎಂದು ನಿಮ್ಮ ಕಾಲದ ರೇಡಿಯೋದವರ ಹಾಗೆ ಹೇಳುತ್ತಿದ್ದಳು.

ಕಲ್ಲವ್ವ ಮೊದಲು ನಕ್ಕಳು. "ಯಾರವ್ವ ಈ ಮುದುಕಿ? ಭಾಳ ಚಂದ ಅದಾಳ."

"ಮಕ್ಕಳ ಮನಸ್ಸಿಗೆ ಆಘಾತ ಆಗಬಾರದು, ಅಷ್ಟೇ," ಎಂದರು ಪ್ರಸನ್ನಕುಮಾರ. "ಸಾವಿರಾರು ಮಕ್ಕಳು ನೋಡುತ್ತಾರೆ. ಮಾಳವ್ವನ ಹೆಸರಲ್ಲೇ ಹೋಗುತ್ತದೆ. ಒಪ್ಪಿಗೆಯೆಂದು ಅವಳು ಒಂದು ಹೆಬ್ಬೆಟ್ಟು ಒತ್ತಿದರೆ ಸಾಕು."

ಕಲ್ಲವ್ವನ ನಗು ನಿಂತಿತು. "ಸತ್ತ ಮರಿ ಎದ್ದು ನಿಂತರ, ಆ ತಬ್ಬಲಿಗೆ ಹಾಲು ಯಾರು ಕೊಡವ್ರು?"

ಪ್ರಸನ್ನಕುಮಾರ ಮಾಳವ್ವನ ಕಡೆ ತಿರುಗಿದರು. ಒತ್ತದಿದ್ದರೆ ಪ್ರಯೋಗ ಅಲ್ಲಿಗೆ ಮುಗಿಯುತ್ತದೆ, ಫೋನುಗಳು ವಾಪಸ್ಸು ಹೋಗುತ್ತವೆ ಎಂದು ಮೆತ್ತಗೇ ತಿಳಿಸಿದರು. ಸಣ್ಣ ಮಕ್ಕಳು ತಮ್ಮ ತಮ್ಮ ಫೋನನ್ನು ಎದೆಗೊತ್ತಿಕೊಂಡು ಅವಳನ್ನೇ ನೋಡುತ್ತಿದ್ದರು. ಒತ್ತಿಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕಥೆ ಅವಳದು.

ಮಾಳವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿದಳು. "ನನ್ನ ಮರಿ ಸತ್ತೈತ್ರಿ," ಎಂದಳು.

"ಗೊತ್ತಮ್ಮ. ಆದರೆ ಕಥೆಯಲ್ಲಿ..."

"ಕಥಿಯಾಗೂ ಸತ್ತೈತ್ರಿ."

ಅವತ್ತೇ ಫೋನುಗಳು ಹೋದವು. ಶಾಲೆಯ ಅಪ್ಪಣೆಯೂ ಹೋಯಿತು. ಸಣ್ಣವರು ಅತ್ತರು. ಮಾಳವ್ವ ಅಳಲಿಲ್ಲ, ಉಣ್ಣಲೂ ಇಲ್ಲ.

ಮಂದೆ ಇಳಿದ ಮುಂದಿನ ಬೀಡಿನಲ್ಲಿ ಬೇರೆ ಹಟ್ಟಿಯ ಮಕ್ಕಳು ಸೇರಿದರು. ಅವರಿಗೆ ಸುದ್ದಿ ಮುಟ್ಟಿತ್ತು. ಏನಿತ್ತು ಆ ಚಿತ್ರದಾಗ ಎಂದು ಮಾಳವ್ವನನ್ನು ಕೇಳಿದರು. ಅವಳು ಬಾಯಿಂದಲೇ ಹೇಳಿದಳು. ಫೋನಿನಲ್ಲಿ ಕಲಿತದ್ದೆಲ್ಲ ಅವಳ ಮಾತಿನಲ್ಲಿತ್ತು. ಮೊದಲು ಅಜ್ಜಿಯ ಕೈ, ಆಮೇಲೆ ಮುಖ. ತಾಯಿಕುರಿ ಮೂಸುವಲ್ಲಿ ಹೇಳುವುದನ್ನು ನಿಲ್ಲಿಸಿ ಕಾದಳು. ಮುಗಿದ ಮೇಲೆ ಆ ಹಟ್ಟಿಯ ಹೆಂಗಸೊಬ್ಬಳು ಎದ್ದು ಹೋಗಿ ಬಟ್ಟೆಯಲ್ಲಿ ಸುತ್ತಿದ್ದೊಂದು ಹಳೆಯ ಫೋನು ತಂದಳು, ಅವಳ ಮುತ್ತಜ್ಜಿಯದು. "ಇದು ನಡೀತೈತೇನ್ ನೋಡ್ರಿ," ಎಂದಳು. ಗಾಜು ಸೀಳಿತ್ತು. ಆದರೂ ಬಿಸಿಲುಬಟ್ಟೆಗೆ ಸಿಕ್ಕಿಸಿದಾಗ ನಡೆಯಿತು.

ಹಾಲು ಕುಡಿದು ಬೆಳೆದ ಆ ತಬ್ಬಲಿಯನ್ನು ಮುಂದೆ ನಿಲ್ಲಿಸಿಕೊಂಡು ಮಾಳವ್ವ ಮತ್ತೆ ತೆಗೆದಳು. ಕಲ್ಲವ್ವ ತನ್ನ ಬೊಚ್ಚುಬಾಯಲ್ಲೇ ನಡೆದದ್ದನ್ನು ಹೇಳಿದಳು. ಈ ಸಲ ಯಾರಿಗೂ ಕಳಿಸಲಿಲ್ಲ, ಯಾರನ್ನೂ ಕೇಳಲಿಲ್ಲ. ಕತ್ತಲಾದ ಮೇಲೆ ಕುರಿಗಾರನ ಧೋತರವನ್ನು ಪರದೆಯಾಗಿ ಕಟ್ಟಿ, ಫೋನಿನ ಮುಂದೆ ಭೂತಗನ್ನಡಿ ಹಿಡಿದು ಅದರ ಮೇಲೆ ಚಿತ್ರ ಬಿಟ್ಟೆವು. ಈಗ ಹಟ್ಟಿಯಿಂದ ಹಟ್ಟಿಗೆ ಕರೆ ಬರುತ್ತಿದೆ. ಪೆಟ್ಟಿಗೆಗಳ ತಳದಿಂದ ಫೋನುಗಳು ಏಳುತ್ತಿವೆ. ಸಣ್ಣವರಿಗೆ ಕಲಿಸುವುದು ಮಾಳವ್ವ. ತಂದೆಗೆ ತನ್ನನ್ನು ಹೊಡೆಯುವ ಚಟ ಇದ್ದದ್ದನ್ನು ಒಬ್ಬ ಹುಡುಗ ಹೇಳಿದ, ತಂದೆಯೂ ಕೂತು ಕೇಳಿದ. ಕಚೇರಿ ನಮ್ಮ ಚಿತ್ರಗಳನ್ನು ನಿಷೇಧಿಸಿದೆ. ನಾವು ನಿಲ್ಲಿಸಿಲ್ಲ.

ನಿಮ್ಮ ಮೇಲೆ ನನ್ನದೊಂದು ದೂರಿದೆ. ಅಳುವ ಮಗುವಿನ ಕೈಗೆ ಫೋನು ಕೊಟ್ಟು ಸುಮ್ಮನಾಗಿಸುವುದನ್ನು ಮೊದಲು ಕಲಿತವರು ನೀವು. ಹಳ್ಳಿಯ ಮಕ್ಕಳಿಗೆ ಏನು ತೋರಿಸೋಣವೆಂದು ದೊಡ್ಡ ದೊಡ್ಡ ಸಭೆ ಮಾಡಿದವರೂ ನೀವೇ. ಆ ಮಕ್ಕಳೇ ಏನು ತೋರಿಸಿಯಾರೆಂದು ಕೂತು ನೋಡಿದವರೂ ನಿಮ್ಮಲ್ಲಿ ಕೆಲವರಿದ್ದರಂತೆ, ಮರದ ಕೆಳಗೆ, ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸುತ್ತ. ಈ ಪತ್ರ ಅವರಿಗೆ ಮುಟ್ಟಲಿ. ಅನುದಾನ ನಿಂತರೂ, ಹುಚ್ಚರೆಂದರೂ ಬಿಡಬೇಡಿ. ಮಕ್ಕಳ ಮಾತನ್ನು ತಿದ್ದಬೇಡಿ. ಅವರ ಕಥೆಯಲ್ಲಿ ಸತ್ತದ್ದನ್ನು ಬದುಕಿಸಬೇಡಿ.

ನಾಳೆ ಬೆಳಿಗ್ಗೆ ನಾವು ಹೊಳೆ ದಾಟಿ ಆಚೆಯ ಹಟ್ಟಿಗಳಿಗೆ ಹೋಗುತ್ತೇವೆ. ಕಚೇರಿಯವರು ಹುಡುಕುತ್ತಿದ್ದಾರೆಂದು ಸುದ್ದಿಯಿದೆ. ಹುಡುಕಲಿ. ಕುರಿ ಹೋದ ದಾರಿ ಯಾರ ಕಣ್ಣಿಗಾದರೂ ಕಾಣುತ್ತದೆ, ಅದನ್ನು ಅಳಿಸುತ್ತ ಹೋಗುವ ಯೋಚನೆ ನಮಗಿಲ್ಲ.

ಇಂತಿ,
ಹೇಮವ್ವ
ಅಪ್ಪಣೆಯಿಲ್ಲದ ಶಾಲೆಯ ಅಕ್ಕೋರು