ನಿನ್ನ ಕೋಣೆಯ ಚಿಲಕ

"ಅವಳು ಒಳಗಿಂದ ಚಿಲಕ ಹಾಕ್ಕೊಂಡ್ಬಿಟ್ರೆ ನಾನೇನ್ ಮಾಡ್ಲಿ ಅತ್ತೆ?" ಅಂತ ಬೆಳಿಗ್ಗೆ ನಿನ್ನ ಗಂಡ ಫೋನಿನಲ್ಲಿ ಕೇಳಿದರು, ಮಗಳೇ. ಮೂರು ಗಂಟೆಗೆ ನಿನ್ನನ್ನು ಕರೆದೊಯ್ಯಲು ಬರುತ್ತಾರೆ. ನಾನೇ ಬರಹೇಳಿದ್ದು.

ಬಟ್ಟೆಯೆಲ್ಲ ಚೀಲಕ್ಕೆ ತುಂಬಿದ್ದೇನೆ. ತುಂಬು ತೋಳಿನದೇ ಹಾಕಿಕೋ, ಮೊಣಕೈ ಹತ್ತಿರದ ಕಲೆ ಇನ್ನೂ ಹಸಿರಾಗಿದೆ. ಹಾಲು ಒಲೆಯ ಮೇಲಿದೆ, ಕುಡಿದೇ ಹೊರಡು. ಡಾಕ್ಟರಮ್ಮ ಕೊಟ್ಟ ಮಾತ್ರೆ ಅವರ ಕಣ್ಣಿಗೆ ಬೀಳದಿರಲಿ, ಹುಚ್ಚಿ ಅಂದಾರು.

ಸಿಟ್ಟಾಗಬೇಡ ಕಣೇ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರುತ್ತೀಯ. ಊಟದ ನಡುವೆ ಎದ್ದು ಹತ್ತು ಸಲ ಚಿಲಕ ಎಳೆದು ನೋಡುತ್ತೀಯ. ನಿನ್ನನ್ನು ನೋಡಿ ನಿನ್ನ ತಂಗಿಯೂ ಬೆಚ್ಚಿಬೀಳುವುದನ್ನು ಕಲಿತಿದ್ದಾಳೆ. ನನಗಿರುವುದು ಇಬ್ಬರು, ಒಬ್ಬಳಾದರೂ ಸರಿಯಾಗಿರಲಿ. ನಿಮ್ಮಪ್ಪನ ಕೈಯಲ್ಲಿ ನಾನೇನು ಕಡಿಮೆ ಏಟು ತಿಂದೆನೇ? ನೆಟ್ಟಗೇ ಇದ್ದೇನಲ್ಲ.

ಈ ಚೀಟಿ ಬರೆದಿಟ್ಟು, ಮನೆಗೆ ಹೊರಗಿನಿಂದ ಬೀಗ ಹಾಕಿ ಹೊಲಿಗೆ ಅಂಗಡಿಗೆ ಹೊರಟಿದ್ದೇನೆ. ಬೀಗದಕೈ ಎದುರುಮನೆಯಲ್ಲಿರುತ್ತದೆ, ಅಳಿಯಂದಿರಿಗೆ ಹೇಳಿದ್ದೇನೆ.

ನೀನು ಸ್ನಾನಕ್ಕೆ ಹೋದದ್ದೇ ತಡ, ಬಡಗಿಯನ್ನು ಕರೆಸಿದೆ. ಸದ್ದು ಕೇಳಿ ನೀನು ಒಳಗಿನಿಂದಲೇ ಕೂಗಿದೆಯಲ್ಲ, "ಅಮ್ಮಾ, ಯಾರದು?" ಅಂತ.

"ಯಾರೂ ಇಲ್ಲ ಪುಟ್ಟೀ, ತಲೆ ಚೆನ್ನಾಗಿ ತೊಳ್ಕೋ" ಅಂದೆ.

ಬಡಗಿ ನಿನ್ನ ಕೋಣೆಯ ಚಿಲಕ ಬಿಚ್ಚಿ, ನಾಲ್ಕು ಸ್ಕ್ರೂಗಳನ್ನು ನನ್ನ ಅಂಗೈಗೆ ಹಾಕಿ ಹೋದ.